ಓಲ್ಡ್ ಕೋರ್ಸೋ, ಮ್ಯೂರ್‌ಫೀಲ್ಡೋ?

ಓದುಗರ ಪ್ರಶ್ನೆ: ಟೀವಿಯಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಿನ ಗಾಲ್ಫ್ ಮೈದಾನ ಓಲ್ಡ್ ಕೋರ್ಸ್ ಬರೀ ಚಪ್ಪಟೆ ಬಯಲಿನ ಹಾಗೆ ಕಾಣುತ್ತದೆ. ಅದೇ ದೇಶದ ಇನ್ನೊಂದು ಮೈದಾನ ಮ್ಯೂರ್‌ಫೀಲ್ಡೇ ಮೇಲು ಎನ್ನುವ ಆಟಗಾರರೂ ಇದ್ದಾರೆ. ಹಾಗಾದರೆ ಓಲ್ಡ್ ಕೋರ್ಸ್‌ಗೆ ಮೊದಲ ಸ್ಥಾನ ಕೊಡುವುದು ಅದು ಹಳೆಯದು ಎಂಬ ಗೌರವಕ್ಕೆ ಮಾತ್ರವೇ?

ಈ ಅನುಮಾನ ದೊಡ್ಡದೊಡ್ಡವರಿಗೂ ಬಂದಿತ್ತು. 1946ರಲ್ಲಿ ಬ್ರಿಟಿಷ್ ಓಪನ್ ಪಂದ್ಯಾವಳಿ ಆಡಲು ಬಂದ ಅಮೆರಿಕದ ಸ್ಯಾಮ್ ಸ್ನೀಡ್, ರೈಲಿನ ಕಿಟಕಿಯಿಂದ ಓಲ್ಡ್ ಕೋರ್ಸ್ ನೋಡಿ, ಯಾರೋ ಪಾಳುಬಿಟ್ಟ ಗಾಲ್ಫ್ ಮೈದಾನವೆಂದು ತಿಳಿದಿದ್ದರು. ಆ ಸಲ ಗೆದ್ದವರೂ ಅವರೇ. ಅಮೆರಿಕದ ಇನ್ನೊಬ್ಬ ಆಟಗಾರ ಬಾಬಿ ಜೋನ್ಸ್ ಅನುಭವ ಇನ್ನೂ ಕಹಿ. 1921ರಲ್ಲಿ ಮೂರನೇ ಸುತ್ತಿನಲ್ಲಿ, ಕೋರ್ಸ್‌ನ ಹದಿನೆಂಟು ಹೋಲ್‌ಗಳ ಪೈಕಿ 11ನೆಯದರ ಬಂಕರ್ ಎಂಬ ಮರಳುಗುಂಡಿಯಲ್ಲಿ ಸಿಕ್ಕಿಕೊಂಡು ಬೇಸತ್ತು ಆಟವನ್ನೇ ಬಿಟ್ಟರು. ಆದರೆ 1927ರಲ್ಲಿ ಅದೇ ನೆಲದಲ್ಲಿ ಓಪನ್ ಗೆದ್ದರು; 1958ರಲ್ಲಿ ಆ ಊರು ಅವರಿಗೆ ಗೌರವ ಪೌರತ್ವ ಕೊಟ್ಟಿತು. ಒಮ್ಮೆ ಆಡಿದವರಿಗೆ ರುಚಿಸದೆ, ಮತ್ತೆ ಮತ್ತೆ ಆಡಿದವರನ್ನು ಬಿಡದೆ ಹಿಡಿದುಕೊಳ್ಳುವ ಈ ಗುಣ ಎಲ್ಲಿಂದ ಬಂತು ಎನ್ನುವುದೇ ನಿಮ್ಮ ಪ್ರಶ್ನೆಯ ತಿರುಳು.

ಲಿಂಕ್ಸ್ ಎಂದರೆ ಕಡಲಿಗೂ ಹೊಲಗಳಿಗೂ ನಡುವಿನ ಮರಳು ನೆಲ. ಉಳುಮೆಗೆ ಬಾರದ ಜಾಗ. ಕುರಿ, ಮೊಲಗಳು ಮೇಯ್ದು ಹುಲ್ಲನ್ನು ಗಿಡ್ಡವಾಗಿ ಇಟ್ಟಿದ್ದವು. ಮಳೆನೀರು ತಕ್ಷಣ ಇಂಗುವುದರಿಂದ ನೆಲ ಗಟ್ಟಿ. ಮೆತ್ತನೆಯ ಹುಲ್ಲಿನ ಮೇಲೆ ಆಡಿ ರೂಢಿಯಾದ ನಮ್ಮವರು ಚೆಂಡನ್ನು ಎತ್ತರಕ್ಕೆ ಹೊಡೆದು, ಬಿದ್ದಲ್ಲೇ ನಿಲ್ಲಿಸಲು ನೋಡುತ್ತೇವೆ. ಅಲ್ಲಿ ಚೆಂಡು ಬಿದ್ದ ಮೇಲೂ ಪುಟಿಯುತ್ತದೆ, ಉರುಳುತ್ತದೆ, ಒಂದು ಸಣ್ಣ ಉಬ್ಬಿಗೆ ತಾಗಿ ಪಕ್ಕಕ್ಕೆ ಹೊರಳುತ್ತದೆ. ಹಾಗಾಗಿ ಲಿಂಕ್ಸ್ ಕೋರ್ಸ್ ಅಳೆಯುವಾಗ ನಾನು ಮೊದಲು ನೋಡುವುದು, ನೆಲದ ಮೇಲಿನ ಆಟಕ್ಕೆ ಅದು ಎಷ್ಟು ದಾರಿ ಬಿಟ್ಟಿದೆ ಎಂಬುದನ್ನು.

ಮ್ಯೂರ್‌ಫೀಲ್ಡ್‌ನ ಹೆಚ್ಚುಗಾರಿಕೆಯಲ್ಲಿ ಎರಡು ಮಾತಿಲ್ಲ. ಹಳೆಯ ಲಿಂಕ್ಸ್‌ಗಳು ಸಾಮಾನ್ಯವಾಗಿ ದಡದುದ್ದಕ್ಕೂ ಹೋಗಿ ಅದೇ ದಾರಿಗುಂಟ ಮರಳುತ್ತವೆ. ಹೋಗುವಾಗ ಗಾಳಿ ಬೆನ್ನಿಗಿದ್ದರೆ ಬರುವಾಗ ಎದೆಗೆ. ಮ್ಯೂರ್‌ಫೀಲ್ಡ್‌ನಲ್ಲಿ ಮೊದಲ ಒಂಬತ್ತು ಹೋಲ್‌ಗಳು ಹೊರಗಡೆಯಿಂದ ಪ್ರದಕ್ಷಿಣೆಯಾಗಿ ಸುತ್ತಿದರೆ, ಉಳಿದ ಒಂಬತ್ತು ಅದರೊಳಗೆ ಅಪ್ರದಕ್ಷಿಣೆಯಾಗಿ ಸುತ್ತುತ್ತವೆ. ಗಾಳಿಯ ದಿಕ್ಕು ಮತ್ತೆ ಮತ್ತೆ ಬದಲಾಗುತ್ತದೆ. ಬಂಕರ್‌ಗಳು ಹೆಚ್ಚಾಗಿ ಕಣ್ಣಿಗೆ ಕಾಣುವಂತಿವೆ, ಗುರಿ ಕಾಣದೆ ಹೊಡೆಯಬೇಕಾದ ಹೊಡೆತ ಕಡಿಮೆ. ವಾರ್ಡನ್, ಹೇಗನ್, ಪ್ಲೇಯರ್, ನಿಕ್ಲಾಸ್, ಟ್ರೆವಿನೊ, ವಾಟ್ಸನ್, ಫಾಲ್ಡೊ, ಎಲ್ಸ್: ಅಲ್ಲಿ ಓಪನ್ ಗೆದ್ದವರ ಪಟ್ಟಿಯೇ ಆ ಕೋರ್ಸ್‌ನ ನ್ಯಾಯಕ್ಕೆ ಸಾಕ್ಷಿ. ಚೆನ್ನಾಗಿ ಹೊಡೆದವನಿಗೆ ಅದು ಮೋಸ ಮಾಡುವುದಿಲ್ಲ.

ಓಲ್ಡ್ ಕೋರ್ಸ್ ಮೋಸ ಮಾಡುತ್ತದೆ. 112 ಬಂಕರ್‌ಗಳಲ್ಲಿ ಎಷ್ಟೋ, ಮೊದಲ ಹೊಡೆತ ಹೊಡೆಯುವ ಜಾಗವಾದ ಟೀ ಬಳಿ ನಿಂತರೆ ಕಾಣುವುದೇ ಇಲ್ಲ. ಹಿಂದೆ ಈ ಕೋರ್ಸನ್ನು ಉಲ್ಟಾ ದಿಕ್ಕಿನಲ್ಲೂ ಆಡುತ್ತಿದ್ದರು; ಆ ಆಟಕ್ಕೆ ಎದುರಾಗುತ್ತಿದ್ದ ಬಂಕರ್‌ಗಳು ಈಗ ನಮಗೆ ಬೆನ್ನು ತೋರಿಸಿ ಕೂತಿವೆ. ಹದಿನೆಂಟರಲ್ಲಿ ಹದಿನಾಲ್ಕು ಹೋಲ್‌ಗಳು ಜೋಡಿಯಾಗಿ, ಚೆಂಡು ಹಾಕುವ ಕುಳಿ, ಬಾವುಟ ಇರುವ ನುಣುಪು ಹುಲ್ಲಿನ ಏಳು ದೈತ್ಯ ಗ್ರೀನ್‌ಗಳನ್ನು ಹಂಚಿಕೊಂಡಿವೆ: 2 ಮತ್ತು 16, 3 ಮತ್ತು 15, 5 ಮತ್ತು 13. ಯಾವ ಜೋಡಿ ಕೂಡಿದರೂ ಹದಿನೆಂಟೇ. ಎಡಕ್ಕೆ ಎಷ್ಟು ಬೇಕಾದರೂ ಜಾಗ, ಹೆದರಿದವನು ಅತ್ತಲೇ ಹೊಡೆಯುತ್ತಾನೆ. ಆದರೆ ಅಲ್ಲಿಂದ ಮುಂದಿನ ಹೊಡೆತದ ಕೋನ ಕೆಡುತ್ತದೆ.

17ನೆಯದಾದ ರೋಡ್ ಹೋಲ್‌ನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಧೈರ್ಯವಂತ ಬಲಕ್ಕೆ, ಪಕ್ಕದ ಹೋಟೆಲಿನ ಮೂಲೆಯ ಮೇಲಿಂದಲೇ ಚೆಂಡು ಹಾರಿಸುತ್ತಾನೆ. ಎಡಕ್ಕೆ ಸರಿದವನಿಗೂ ಬಾವುಟಕ್ಕೂ ನಡುವೆ ಆಳದ ಬಂಕರ್, ಗ್ರೀನ್‌ನ ಆಚೆ ರಸ್ತೆ. 1978ರಲ್ಲಿ ಜಪಾನಿನ ನಕಾಜಿಮಾ ಎರಡೇ ಹೊಡೆತಕ್ಕೆ ಗ್ರೀನ್ ತಲುಪಿದ್ದರು. ಅವರು ಕುಳಿಯತ್ತ ಮೆಲ್ಲಗೆ ಉರುಳಿಸಿದ (ಪಟ್ ಮಾಡಿದ) ಚೆಂಡು ಇಳಿಜಾರು ಹಿಡಿದು ಆ ಬಂಕರ್‌ಗೆ ಉರುಳಿತು. ಹೋಲ್ ಮುಗಿಸುವಷ್ಟರಲ್ಲಿ ಒಂಬತ್ತು ಹೊಡೆತ ಆಗಿತ್ತು. ಇದೇ ಕೋರ್ಸ್‌ನಲ್ಲಿ 2000ದಲ್ಲಿ ಟೈಗರ್ ವುಡ್ಸ್ ನಾಲ್ಕು ದಿನ, 72 ಹೋಲ್ ಆಡಿ ಒಂದೇ ಒಂದು ಸಲವೂ ಬಂಕರ್‌ಗೆ ಬೀಳಲಿಲ್ಲ. ಬರೀ ಬಲದಿಂದ ಆಗುವ ಕೆಲಸವಲ್ಲ ಅದು.

ನನ್ನ ತೀರ್ಪು ಓಲ್ಡ್ ಕೋರ್ಸ್ ಕಡೆಗೆ. ನ್ಯಾಯವೇ ಅಳತೆಗೋಲಾದರೆ ಮ್ಯೂರ್‌ಫೀಲ್ಡ್ ಗೆಲ್ಲುತ್ತದೆ. ಆದರೆ ಗಾಳಿ ತಿರುಗಿದರೆ, ಬಾವುಟ ಹತ್ತು ಹೆಜ್ಜೆ ಸರಿದರೆ ನಿನ್ನೆಯ ದಾರಿ ಇವತ್ತಿಗೆ ಬಾರದಂತೆ ಮಾಡುವುದರಲ್ಲಿ ಓಲ್ಡ್ ಕೋರ್ಸ್‌ಗೆ ಸಮ ಇನ್ನೊಂದನ್ನು ನಾನು ಕಾಣೆ. ಹಳೆತನದ ಗೌರವಕ್ಕೇ ಮೊದಲ ಸ್ಥಾನ ಕೊಡುವುದಾದರೆ, 1860ರಲ್ಲಿ ಮೊದಲ ಓಪನ್ ನಡೆದ ಪ್ರೆಸ್ಟ್‌ವಿಕ್‌ಗೂ ಅದು ಸಲ್ಲಬೇಕಿತ್ತು. 1925ರ ನಂತರ ಅಲ್ಲಿ ಓಪನ್ ನಡೆದಿಲ್ಲ. ಸ್ಕಾಟ್ಲೆಂಡಿನ ಉತ್ತರದ ರಾಯಲ್ ಡಾರ್ನಾಕ್ ಕೋರ್ಸ್ ಮಾತ್ರ ನನ್ನನ್ನು ಡೋಲಾಯಮಾನ ಮಾಡುತ್ತದೆ. ಎತ್ತರಿಸಿದ ಅದರ ಗ್ರೀನ್‌ಗಳ ಕಲ್ಪನೆಯನ್ನು ಅದೇ ಊರಲ್ಲಿ ಹುಟ್ಟಿದ ಕೋರ್ಸ್ ವಿನ್ಯಾಸಕ ಡೊನಾಲ್ಡ್ ರಾಸ್ ಅಮೆರಿಕಕ್ಕೆ ಒಯ್ದರು.

ಇನ್ನೊಂದು ಸಂಗತಿಯೂ ನನಗೆ ಮುಖ್ಯ. ಮ್ಯೂರ್‌ಫೀಲ್ಡ್ ಖಾಸಗಿ ಕ್ಲಬ್, ಹೆಂಗಸರನ್ನು ಸದಸ್ಯರಾಗಿ ಸೇರಿಸಲು ಅದು ಒಪ್ಪಿದ್ದೇ 2017ರಲ್ಲಿ. ಓಲ್ಡ್ ಕೋರ್ಸ್ ಸಾರ್ವಜನಿಕರದು. ಹೆಸರು ಕೊಟ್ಟರೆ ಚೀಟಿ ಎತ್ತಿ ಆಡಲು ಬಿಡುತ್ತಾರೆ. ಭಾನುವಾರ ಸಾಮಾನ್ಯವಾಗಿ ಆಟಕ್ಕೆ ರಜೆ, ಊರವರು ನಾಯಿ ಹಿಡಿದು ಅಡ್ಡಾಡುತ್ತಾರೆ. ಹೋದರೆ ಭಾನುವಾರವೇ ಮೊದಲು ಹೋಗಿ, 17ನೇ ಗ್ರೀನ್ ಪಕ್ಕದ ಆ ಬಂಕರ್‌ನ ಅಂಚಿನಲ್ಲಿ ಬಗ್ಗಿ ನೋಡಿ. ಟೀವಿಯಲ್ಲಿ ಚಪ್ಪಟೆಯಾಗಿ ಕಂಡ ನೆಲ ಎಷ್ಟು ಏರಿಳಿದಿದೆ ಎಂದು ಅಲ್ಲಿ ತಿಳಿಯುತ್ತದೆ.