ಡಂಪ್ ಸಾಕಾ, ಫೈಲ್ ಕಾಪಿಯೂ ಬೇಕಾ?

‘ದಿನಾ ರಾತ್ರಿ ಡಂಪ್ ತಗೋತೀವಿ ಸಾರ್, ಬ್ಯಾಕಪ್ ಚಿಂತೆ ಇಲ್ಲ.’ ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸುವವರು ಹೀಗೆ ಹೇಳಿದಾಗ ನಾನು ಕೇಳುವುದು ಒಂದೇ: ರಿಸ್ಟೋರ್ ಆಗಲು ಎಷ್ಟು ಹೊತ್ತು ಬೇಕು?

ಈ ಡಂಪ್ ತೆಗೆಯುವ ಉಪಕರಣ ಪಿಜಿ ಡಂಪ್. ಅದು ಕೊಡುವುದು ಲಾಜಿಕಲ್ ಬ್ಯಾಕಪ್, ಅಂದರೆ ಡೇಟಾಬೇಸನ್ನು ಮತ್ತೆ ಕಟ್ಟಲು ಬೇಕಾದ ಆದೇಶಗಳು ಮತ್ತು ಡೇಟಾ. ಅದರಲ್ಲಿ ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಲು ನೆರವಾಗುವ ಸೂಚಿ) ಇರುವುದಿಲ್ಲ, ಇಂಡೆಕ್ಸ್ ಕಟ್ಟುವ ಆದೇಶ ಮಾತ್ರ ಇರುತ್ತದೆ. ರಿಸ್ಟೋರ್ ಮಾಡುವಾಗ ಎಲ್ಲ ಸಾಲುಗಳನ್ನೂ ತುಂಬಿಸಿ, ಪ್ರತಿ ಇಂಡೆಕ್ಸನ್ನೂ ಹೊಸದಾಗಿ ಕಟ್ಟಬೇಕು. ಡೇಟಾಬೇಸ್ ಚಿಕ್ಕದಿದ್ದರೆ ಪರವಾಗಿಲ್ಲ. ಟೆರಾಬೈಟ್ ದಾಟಿದರೆ ಇಡೀ ದಿನ ಕಾಯಬೇಕಾದೀತು.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ರಾತ್ರಿ 2ಕ್ಕೆ ಡಂಪ್ ಆಯಿತು ಅನ್ನಿ. ಮಧ್ಯಾಹ್ನ 3ಕ್ಕೆ ಯಾರೋ ‘ವೇರ್’ (ಯಾವ ಸಾಲುಗಳು ಎಂಬ ಷರತ್ತು) ಹಾಕದೆ ‘ಡಿಲೀಟ್’ ಓಡಿಸಿದರು. 13 ಗಂಟೆಯ ವ್ಯವಹಾರ ಹೋಯಿತಲ್ವಾ? ಪಿಜಿ ಬೇಸ್‌ಬ್ಯಾಕಪ್‌ನಿಂದ ಫೈಲ್‌ಗಳನ್ನೇ ಕಾಪಿ ಮಾಡಿ, ಜೊತೆಗೆ ವಾಲ್ ಫೈಲ್‌ಗಳನ್ನೂ (ಪ್ರತಿ ಬದಲಾವಣೆಯನ್ನೂ ಬರೆದಿಡುವ ದಾಖಲೆ) ಕೂಡಿಡುತ್ತಿದ್ದರೆ 2.59ಕ್ಕೆ ಹಿಂದಿರುಗಬಹುದು. ಆದರೆ ಒಂದೇ ಟೇಬಲ್ ಬೇಕಿದ್ದರೂ ಇಡೀ ಕ್ಲಸ್ಟರನ್ನು (ಆ ಸರ್ವರ್‌ನ ಎಲ್ಲ ಡೇಟಾಬೇಸ್‌ಗಳನ್ನು) ಬೇರೆ ಮೆಷಿನ್‌ನಲ್ಲಿ ಎಬ್ಬಿಸಬೇಕು. ಅಲ್ಲಿಂದ ಆ ಟೇಬಲ್ ತೆಗೆಯಲು ಮತ್ತೆ ಪಿಜಿ ಡಂಪೇ ಬೇಕು!

ಫೈಲ್ ಕಾಪಿಗೆ ಮಡಿ ಜಾಸ್ತಿ. ಮೇಜರ್ ವರ್ಷನ್ ಅದೇ ಇರಬೇಕು. ಲಿನಕ್ಸ್ ಬದಲಾದರೂ ಎಚ್ಚರ: 2018ರಲ್ಲಿ ಬಂದ, ಲಿನಕ್ಸ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿ 2.28 ಅಕ್ಷರಗಳ ಸಾರ್ಟಿಂಗ್ ಕ್ರಮವನ್ನೇ ಬದಲಿಸಿತು. ಹಳೆಯ ಸರ್ವರ್‌ನ ಕಾಪಿಯನ್ನು ಹೊಸದರಲ್ಲಿ ಎಬ್ಬಿಸಿದರೆ ಯಾವ ಎರರ್ ಇಲ್ಲದೆ ಟೆಕ್ಸ್ಟ್ ಇಂಡೆಕ್ಸ್‌ಗಳು ತಪ್ಪು ಉತ್ತರ ಕೊಡಬಹುದು. ರೀಇಂಡೆಕ್ಸ್ ಮಾಡಲೇಬೇಕು. ಡಂಪ್‌ಗೆ ಈ ಗೋಳಿಲ್ಲ, ಹೊಸ ವರ್ಷನ್‌ಗೂ ಹೋಗುತ್ತದೆ.

ಹಾಗಂತ ಡಂಪ್ ಓಡಿದೆ ಎಂದು ಸುಮ್ನೆ ನಂಬಬೇಡಿ. 2017ರ ಜನವರಿ 31ರಂದು ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನ ಮುಖ್ಯ ಡೇಟಾಬೇಸ್ ಅಳಿಸಿಹೋಯಿತು. ಡಂಪ್ ಹುಡುಕಿದರೆ ಒಂದೂ ಇಲ್ಲ. ಡೇಟಾಬೇಸ್‌ನ ವರ್ಷನ್ 9.6, ಓಡುತ್ತಿದ್ದ ಪಿಜಿ ಡಂಪ್ ಹಳೆಯ 9.2, ಹಾಗಾಗಿ ಅದು ಫೇಲ್ ಆಗುತ್ತಿತ್ತು. ಎಚ್ಚರಿಕೆಯ ಮೇಲ್‌ಗಳು ಯಾರಿಗೂ ತಲುಪಲಿಲ್ಲ. ಸುಮಾರು 6 ಗಂಟೆ ಹಿಂದಿನ ಡಿಸ್ಕ್ ಸ್ನ್ಯಾಪ್‌ಶಾಟ್ ಅವರನ್ನು ಉಳಿಸಿತು.

ಹತ್ತಿಪ್ಪತ್ತು ಜಿಬಿ ಇದ್ದು, ಒಂದು ದಿನದ ಡೇಟಾ ಹೋದರೂ ತಡೆದುಕೊಳ್ಳಬಹುದಾದರೆ ಡಂಪ್ ಸಾಕು. ಹಣಕಾಸು, ಆರ್ಡರ್ ಇರುವ ಕಡೆ ನಾನು ಫೈಲ್ ಕಾಪಿ ಮತ್ತು ವಾಲ್ ಅನ್ನೇ ಮುಖ್ಯವಾಗಿಡುತ್ತೇನೆ; ವಾರಕ್ಕೊಂದು ಡಂಪ್ ಜೊತೆಗಿರಲಿ. ಹಾಂ, ಪಿಜಿ ಡಂಪ್‌ನಲ್ಲಿ ರೋಲ್‌ಗಳೂ (ಡೇಟಾಬೇಸ್ ಬಳಕೆದಾರರ ಖಾತೆಗಳು) ಅವುಗಳ ಪಾಸ್‌ವರ್ಡ್‌ಗಳೂ ಬರುವುದಿಲ್ಲ. ಅವಕ್ಕೆ ಪಿಜಿ ಡಂಪ್‌ಆಲ್ ಅನ್ನು ‘ಗ್ಲೋಬಲ್ಸ್ ಓನ್ಲಿ’ ಆಯ್ಕೆಯೊಂದಿಗೆ ಬೇರೆಯಾಗಿ ಓಡಿಸಿ.