ಚೆಂಡು ಬೀಳುವ ಮೊದಲೇ ಅಲ್ಲಿಗೆ ಹೋಗುವ ಕಣ್ಣು

ಎರಡನೇ ಮಹಾಯುದ್ಧದ ಸಮಯದಲ್ಲಿ ಆಸ್ಟ್ರೇಲಿಯಾದ ಸೇನೆ ಕ್ರಿಕೆಟಿಗ ಡಾನ್ ಬ್ರಾಡ್ಮನ್ ಅವರ ಕಣ್ಣು ಪರೀಕ್ಷಿಸಿತು. ದೃಷ್ಟಿ ಚೆನ್ನಾಗಿಲ್ಲ ಎಂಬ ಫಲಿತಾಂಶ ಬಂತು! 1930ರ ಒಂದೇ ಸರಣಿಯಲ್ಲಿ 974 ರನ್ ಹೊಡೆದವರ ಕಣ್ಣು ಅದು. ಆ ದಾಖಲೆಯನ್ನು ಇವತ್ತಿಗೂ ಯಾರೂ ಮುರಿದಿಲ್ಲ. ಒಟ್ಟು 52 ಟೆಸ್ಟ್, 6,996 ರನ್, 29 ಶತಕ, ಸರಾಸರಿ 99.94. ಜಾರ್ಜ್ ಹೆಡ್ಲಿ, ಗ್ರೇಮ್ ಪೊಲಾಕ್ ಅವರಂಥ ಘಟಾನುಘಟಿಗಳ ಸರಾಸರಿಯೇ 60ರ ಆಸುಪಾಸಿನಲ್ಲಿ ನಿಲ್ಲುತ್ತದೆ.

ನಮ್ಮ ಮನ್ಸೂರ್ ಅಲಿ ಖಾನ್ ಪಟೌಡಿ ಅವರದು ಇನ್ನೂ ದೊಡ್ಡ ಅಚ್ಚರಿ. 1961ರ ಜುಲೈನಲ್ಲಿ ಕಾರು ಅಪಘಾತವಾಗಿ ಬಲಗಣ್ಣಿನ ದೃಷ್ಟಿ ಹೋಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮೊದಲ ಟೆಸ್ಟ್ ಆಡಿದರು. ಆಮೇಲೆ ಆರು ಶತಕ ಹೊಡೆದರು. ಅದರಲ್ಲೊಂದು ಇಂಗ್ಲೆಂಡ್ ವಿರುದ್ಧ ಔಟಾಗದೆ 203.

ಹಾಗಾದರೆ ದೊಡ್ಡ ಬ್ಯಾಟ್ಸ್‌ಮನ್‌ಗೆ ಹದ್ದಿನ ಕಣ್ಣು ಇರುತ್ತದೆ ಅನ್ನುವ ಮಾತು ಪೂರ್ತಿ ನಿಜವಲ್ಲ, ಅಲ್ವಾ?

ಸ್ವಲ್ಪ ಲೆಕ್ಕ ಹಾಕೋಣ. ಗಂಟೆಗೆ 140 ಕಿಲೋಮೀಟರ್ ವೇಗದ ಎಸೆತ ಸೆಕೆಂಡಿಗೆ ಸುಮಾರು 39 ಮೀಟರ್ ಸಾಗುತ್ತದೆ. ಒಂದು ಕ್ರೀಸಿನಿಂದ ಇನ್ನೊಂದಕ್ಕೆ 17.68 ಮೀಟರ್. ಗಾಳಿಯಲ್ಲೂ ನೆಲಕ್ಕೆ ಬಿದ್ದಾಗಲೂ ಚೆಂಡಿನ ವೇಗ ತಗ್ಗುತ್ತದೆ. ಅದನ್ನೂ ಸೇರಿಸಿದರೆ ಬ್ಯಾಟ್ಸ್‌ಮನ್‌ಗೆ ಸಿಗುವುದು ಹೆಚ್ಚುಕಮ್ಮಿ ಅರ್ಧ ಸೆಕೆಂಡ್. ಕಂಡದ್ದಕ್ಕೆ ಕೈ ಸ್ಪಂದಿಸಲು 0.2 ಸೆಕೆಂಡ್ ಬೇಕು. ಕಾಲು ಸರಿಸಿ ಬ್ಯಾಟ್ ಬೀಸಲು ಮತ್ತಷ್ಟು ಸಮಯ ಬೇಕು. ಚೆಂಡನ್ನು ಕೊನೆಯವರೆಗೂ ನೋಡಿ ಆಮೇಲೆ ಹೊಡೆಯುತ್ತೇನೆ ಅಂದರೆ ಆಗುವ ಮಾತೇ ಅಲ್ಲ.

2000ರಲ್ಲಿ ವಿಜ್ಞಾನಿಗಳಾದ ಮೈಕಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲಿಯಡ್ ಬ್ಯಾಟ್ಸ್‌ಮನ್‌ಗಳ ತಲೆಗೆ ಕ್ಯಾಮೆರಾ ಕಟ್ಟಿ ಕಣ್ಣಿನ ಚಲನೆಯನ್ನು ದಾಖಲಿಸಿದರು. ಚೆಂಡು ಹೊರಟ ಕ್ಷಣ ಅವರು ಅದನ್ನೇ ನೋಡುತ್ತಾರೆ. ಆಮೇಲೆ ಕಣ್ಣು ಚೆಂಡನ್ನು ಬಿಟ್ಟು, ಅದು ಎಲ್ಲಿ ಬೀಳಲಿದೆಯೋ ಆ ಜಾಗಕ್ಕೆ ಹಾರಿ ಅಲ್ಲೇ ಕಾಯುತ್ತದೆ. ಒಳ್ಳೆಯ ಆಟಗಾರನ ಕಣ್ಣು ಬೇಗ ಹಾರುತ್ತದೆ, ಕಡಿಮೆ ಮಟ್ಟದವನದು ತಡವಾಗಿ. ಇದು ಮಿದುಳಿನ ಊಹೆಯ ಕೆಲಸ. ಸಾವಿರಾರು ಎಸೆತ ಆಡಿದ ಮೇಲೆ ಬರುವಂಥದ್ದು. ಬೌರಲ್ ಊರಿನಲ್ಲಿ ಹುಡುಗ ಬ್ರಾಡ್ಮನ್ ನೀರಿನ ಟ್ಯಾಂಕಿನ ಇಟ್ಟಿಗೆ ಕಟ್ಟೆಗೆ ಗಾಲ್ಫ್ ಚೆಂಡು ಎಸೆದು, ಅಡ್ಡಾದಿಡ್ಡಿ ವಾಪಸ್ ಬಂದದ್ದನ್ನು ಒಂದು ಸ್ಟಂಪ್‌ನಿಂದ ಹೊಡೆಯುತ್ತಿದ್ದ. ಆ ಊಹೆಗೆ ಇದಕ್ಕಿಂತ ಕಠಿಣ ತಾಲೀಮು ನನಗಂತೂ ಹೊಳೆಯುತ್ತಿಲ್ಲ.

ಊಹೆಯನ್ನು ಕೆಡಿಸುವುದೇ ಬೌಲರ್ ಕೆಲಸ. 1948ರಲ್ಲಿ ಓವಲ್‌ನಲ್ಲಿ ಬ್ರಾಡ್ಮನ್‌ಗೆ ಕೊನೆಯ ಇನಿಂಗ್ಸ್. ಇನ್ನು 4 ರನ್ ಹೊಡೆದಿದ್ದರೆ ಸರಾಸರಿ ಸರಿಯಾಗಿ 100. ಇಂಗ್ಲೆಂಡಿನ ಸ್ಪಿನ್ನರ್ ಎರಿಕ್ ಹೋಲಿಸ್ ಹಾಕಿದ ಗೂಗ್ಲಿ (ನಿರೀಕ್ಷೆಗೆ ವಿರುದ್ಧ ದಿಕ್ಕಿಗೆ ತಿರುಗುವ ಚೆಂಡು) ಎದುರು ಎರಡನೇ ಎಸೆತಕ್ಕೇ ಬೌಲ್ಡ್ ಆದರು, ಸೊನ್ನೆಗೆ.

ವೇಗಿಗಳ ದಾರಿ ಬೇರೆ. ಮೆಕ್ಲಿಯಡ್ 1987ರಲ್ಲೇ ತೋರಿಸಿದ್ದರು: ನೆಲಕ್ಕೆ ಬಿದ್ದ ಚೆಂಡು ಅನಿರೀಕ್ಷಿತವಾಗಿ ತಿರುಗಿದರೆ, ಮೊದಲ 0.2 ಸೆಕೆಂಡಿನಲ್ಲಿ ನುರಿತ ಆಟಗಾರನೂ ಬ್ಯಾಟಿನ ದಿಕ್ಕು ಬದಲಿಸಲಾರ. ಅಷ್ಟು ಹೊತ್ತಿನಲ್ಲಿ ವೇಗದ ಚೆಂಡು 6ರಿಂದ 7 ಮೀಟರ್ ಸಾಗುತ್ತದೆ. ಬೌಲರ್‌ಗಳು ಚೆಂಡು ಹಾಕಲು ಬಯಸುವ ಗುಡ್ ಲೆಂಗ್ತ್ ಜಾಗ ಬ್ಯಾಟ್ಸ್‌ಮನ್‌ನಿಂದ ಹೆಚ್ಚುಕಮ್ಮಿ ಅಷ್ಟೇ ದೂರ. ಅಲ್ಲಿ ಬಿದ್ದು ತಿರುಗಿದ ಚೆಂಡಿಗೆ ಯಾರ ಬಳಿಯೂ ಉತ್ತರವಿಲ್ಲ. ಆದರೆ ತಗಲುವ ಪೆಟ್ಟನ್ನು ಕಡಿಮೆ ಮಾಡಿಕೊಳ್ಳಬಹುದು. ದೇಹದ ಹತ್ತಿರವೇ, ತಡವಾಗಿ ಆಡಬೇಕು. ಕೈ ಸಡಿಲ ಇಟ್ಟರೆ ಬ್ಯಾಟಿನ ಅಂಚಿಗೆ ತಾಗಿದ ಚೆಂಡು ಹಿಂದೆ ಕ್ಯಾಚಿಗೆ ನಿಂತ ಸ್ಲಿಪ್ ಫೀಲ್ಡರ್ ತಲುಪುವ ಮೊದಲೇ ನೆಲ ಕಾಣುತ್ತದೆ.

ಈ ಕಲೆಯಲ್ಲಿ ಬೆಂಗಳೂರಿನ ರಾಹುಲ್ ದ್ರಾವಿಡ್ ಅವರನ್ನು ಮೀರಿಸಿದವರನ್ನು ನಾನು ನೋಡಿಲ್ಲ. ಸಚಿನ್ ತೆಂಡೂಲ್ಕರ್ ಟೆಸ್ಟ್‌ನಲ್ಲಿ 15,921 ರನ್ ಗಳಿಸಿ ಎಲ್ಲರಿಗಿಂತ ಮೇಲಿದ್ದಾರೆ, ನಿಜ. ಆದರೆ ದ್ರಾವಿಡ್ ಎದುರಿಸಿದ ಎಸೆತಗಳು 31,258. ನನಗೆ ಈ ಸಂಖ್ಯೆಯೇ ಜಾಸ್ತಿ ಇಷ್ಟ. 2011ರ ಇಂಗ್ಲೆಂಡ್ ಪ್ರವಾಸದಲ್ಲಿ ಭಾರತ ನಾಲ್ಕೂ ಟೆಸ್ಟ್ ಸೋತಿತು. ಚೆಂಡು ಸೀಮ್ ಆಗುವ, ಅಂದರೆ ಬಿದ್ದ ಮೇಲೆ ದಿಕ್ಕು ಬದಲಿಸುವ ಆ ನೆಲದಲ್ಲಿ, 38ರ ವಯಸ್ಸಿನಲ್ಲಿ, ದ್ರಾವಿಡ್ ಮೂರು ಶತಕ ಹೊಡೆದರು. ಓವಲ್‌ನಲ್ಲಿ ಆರಂಭಿಕನಾಗಿ ಹೋಗಿ, ಉಳಿದ ಹತ್ತೂ ಜನ ಔಟಾದ ಮೇಲೂ 146 ರನ್‌ಗಳೊಂದಿಗೆ ಅಜೇಯರಾಗಿ ಉಳಿದರು.