ಹಸಿವೂ ಹುಟ್ಟಿನಿಂದ ಬರುತ್ತದೆ

ಕುಳ್ಳಗಿರುವವರನ್ನು ಹಿಡಿದು ನಿಲ್ಲಿಸಿ "ಮನಸ್ಸು ಮಾಡಿದ್ದರೆ ಉದ್ದ ಆಗಬಹುದಿತ್ತು" ಎಂದು ಯಾರೂ ಹೇಳುವುದಿಲ್ಲ. ದಪ್ಪಗಿರುವವರಿಗೆ ಮಾತ್ರ ಕಂಡಕಂಡವರೆಲ್ಲ ಬುದ್ಧಿ ಹೇಳುತ್ತಾರೆ. ಎತ್ತರ ಅಪ್ಪ ಅಮ್ಮನಿಂದ ಬಂದದ್ದು, ತೂಕ ತಿಂದು ತಂದುಕೊಂಡದ್ದು ಎಂಬ ಈ ನಂಬಿಕೆ ಎರಡೂ ಕಡೆ ಎಡವುತ್ತದೆ.

ಜನರ ನಡುವೆ ಕಾಣುವ ಎತ್ತರದ ವ್ಯತ್ಯಾಸದಲ್ಲಿ ಸುಮಾರು ಶೇ. 80ರಷ್ಟು ವಂಶವಾಹಿಗಳ ಪಾಲು ಎನ್ನುತ್ತವೆ ಅವಳಿಗಳ ಅಧ್ಯಯನಗಳು. ಅದಕ್ಕೆ ಒಂದು 'ಎತ್ತರದ ಜೀನ್' ಇಲ್ಲ. 2022ರಲ್ಲಿ ಸುಮಾರು 54 ಲಕ್ಷ ಜನರ ಡಿಎನ್‌ಎ ಜಾಲಾಡಿದಾಗ ಎತ್ತರದೊಂದಿಗೆ ನಂಟಿರುವ 12,111 ಸಣ್ಣ ವ್ಯತ್ಯಾಸಗಳು ಸಿಕ್ಕವು. ಹಾಗಿದ್ದೂ ದಕ್ಷಿಣ ಕೊರಿಯಾದ ಹೆಂಗಸರ ಸರಾಸರಿ ಎತ್ತರ ಒಂದೇ ಶತಮಾನದಲ್ಲಿ 20 ಸೆಂ.ಮೀ. ಏರಿತು. ಅಷ್ಟು ಬೇಗ ವಂಶವಾಹಿ ಬದಲಾಗುವುದಿಲ್ಲ. ಬದಲಾದದ್ದು ಬಾಲ್ಯದ ಊಟ, ಆರೋಗ್ಯ.

ಇನ್ನು ತೂಕ. ಕೆನಡಾದಲ್ಲಿ ಸಂಶೋಧಕ ಕ್ಲಾಡ್ ಬುಶಾರ್ ತಂಡ 12 ಜೋಡಿ ತದ್ರೂಪಿ ಅವಳಿ ಯುವಕರಿಗೆ 100 ದಿನಗಳ ಅವಧಿಯಲ್ಲಿ 84 ದಿನ, ದಿನಕ್ಕೆ 1,000 ಕ್ಯಾಲೊರಿ ಹೆಚ್ಚಿಗೆ ತಿನ್ನಿಸಿತು. ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಅಷ್ಟೇ ಹೆಚ್ಚುವರಿ ಊಟ, ಆದರೆ ಒಬ್ಬನ ತೂಕ ಏರಿದ್ದು 4.3 ಕಿಲೊ, ಇನ್ನೊಬ್ಬನದು 13.3 ಕಿಲೊ! ಒಂದೇ ಜೋಡಿಯ ಅಣ್ಣತಮ್ಮಂದಿರು ಮಾತ್ರ ಬಹುಮಟ್ಟಿಗೆ ಒಂದೇ ರೀತಿ ದಪ್ಪಗಾದರು. ತಿಂದದ್ದನ್ನು ದೇಹ ಹೇಗೆ ಕೂಡಿಡುತ್ತದೆ ಎಂಬುದೂ ಬಳುವಳಿಯೇ.

ಎಷ್ಟು ತಿನ್ನುತ್ತೇವೆ ಎಂಬುದು? ಅದಾದರೂ ನಮ್ಮ ಕೈಯಲ್ಲಿದೆಯಲ್ಲ ಎನ್ನಬಹುದು. ಆದರೆ ತೂಕಕ್ಕೆ ಸಂಬಂಧಿಸಿದ ವಂಶವಾಹಿಗಳಲ್ಲಿ ಬಹಳಷ್ಟು ಕೆಲಸ ಮಾಡುವುದು ಮಿದುಳಿನಲ್ಲಿ, ಹಸಿವು ತೃಪ್ತಿಗಳನ್ನು ತೂಗುವ ಜಾಗಗಳಲ್ಲಿ. ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನ್ ಸುರಿಸಿ, 'ಸಂಗ್ರಹ ಸಾಕಷ್ಟಿದೆ' ಎಂದು ಮಿದುಳಿಗೆ ತಿಳಿಸುತ್ತವೆ. ತೀರಾ ಅಪರೂಪಕ್ಕೆ ಕೆಲವು ಮಕ್ಕಳಲ್ಲಿ ಲೆಪ್ಟಿನ್ ತಯಾರಿಸುವ ವಂಶವಾಹಿಯೇ ಕೆಟ್ಟಿರುತ್ತದೆ. ಮೈಯಲ್ಲಿ ಎಷ್ಟೇ ಕೊಬ್ಬಿದ್ದರೂ ಮಿದುಳಿಗೆ ಆ ಸುದ್ದಿ ಮುಟ್ಟುವುದಿಲ್ಲ. ಉಪವಾಸ ಬಿದ್ದವರ ಹಸಿವು ಆ ಮಕ್ಕಳದು, ಅದೂ ಹಗಲಿರುಳು.

ಅಂಥ ಒಂಬತ್ತು ವರ್ಷದ ಹುಡುಗಿಯೊಬ್ಬಳು 94.4 ಕಿಲೊ ತೂಗುತ್ತಿದ್ದಳು. ಬ್ರಿಟನ್ನಿನ ವೈದ್ಯರು ಅವಳಿಗೆ ದಿನಾ ಲೆಪ್ಟಿನ್ ಚುಚ್ಚುಮದ್ದು ಕೊಟ್ಟರು. ವರ್ಷದಲ್ಲಿ 16.4 ಕಿಲೊ ಇಳಿಯಿತು, ಹೆಚ್ಚುಕಡಿಮೆ ಅಷ್ಟೂ ಕೊಬ್ಬೇ. ತಟ್ಟೆಯನ್ನು ಯಾರೂ ಕಿತ್ತುಕೊಂಡಿರಲಿಲ್ಲ. ಅವಳಿಗೇ ಸಾಕೆನಿಸಿತ್ತು.